ಡಾಕ್ಟ್ರು ಮೋಸ ಮಾಡಿದ ಕಣೇ!

“ಡಾಕ್ಟ್ರು ಮೋಸ ಮಾಡಿದ ಕಣೇ!”

ಚಿಕ್ಕಪ್ಪ ಹಾಲ್‌ನಲ್ಲಿ ಹೀಗೆ ಕೂಗಿದ್ದೇ ತಡ, ಅಡುಗೆಮನೆಯಲ್ಲಿದ್ದ ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದರು. “ಏನಾಯ್ತು? ಕಣ್ಣು ಕಾಣಿಸ್ತಿಲ್ವಾ? ನಾನು ಅವತ್ತೇ ಹೇಳ್ದೆ, ಆ ಆಸ್ಪತ್ರೆ ಬೇಡ ಅಂತ.”

“ಕಣ್ಣಿನ ಡಾಕ್ಟ್ರಲ್ಲ ಕಣೇ. ಕಥೆ ಡಾಕ್ಟ್ರು.”

ಚಿಕ್ಕಮ್ಮ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಒಳಗೆ ಹೋದರು. ಇವರ ತಲೆಗೆ ಇದನ್ನೆಲ್ಲ ತುಂಬಿದವಳು ನೀನೇ ಅಲ್ವಾ ಅಂತ ಆ ನೋಟದಲ್ಲೇ ಇತ್ತು.

ಕಳೆದ ಭಾನುವಾರದ ಮಾತು ಇದು. ಚಿಕ್ಕಪ್ಪನಿಗೆ ಪೊರೆ ಆಪರೇಷನ್ ಆಗಿದೆ. ಓದಬೇಡಿ ಅಂತ ಡಾಕ್ಟ್ರು ಹೇಳಿದ್ದರೋ ಇಲ್ಲವೋ, ಚಿಕ್ಕಮ್ಮ ಹೇಳಿದ್ದರು. ಪೇಪರ್ ಬಂದ್, ಟಿವಿ ಬಂದ್. ಮೊಬೈಲ್ ಅಂತೂ ಬೀರುವಿನೊಳಗೆ. ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದ ಮನುಷ್ಯ ಅವರು. ಹುಡುಗನಾಗಿದ್ದಾಗ ಬಾಡಿಗೆ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ತಂದು, ಲೆಕ್ಕದ ಪುಸ್ತಕದ ಒಳಗಿಟ್ಟು ಓದಿದವರು. ಆಮೇಲೆ ಟಿ.ಕೆ. ರಾಮರಾವ್. (‘ಬಂಗಾರದ ಮನುಷ್ಯ’ ಸಿನಿಮಾದ ಕಾದಂಬರಿ ಬರೆದವರೇ ಪತ್ತೇದಾರಿ ಕಾದಂಬರಿಗಳಲ್ಲಿ ಅಷ್ಟೊಂದು ಕೊಲೆ ಮಾಡಿಸಿದವರು ಅಂದರೆ ಈಗಿನ ಹುಡುಗರು ನಂಬೋದಿಲ್ಲ.) ಇಂಥವರನ್ನು ಕಪ್ಪು ಕನ್ನಡಕ ಹಾಕಿ ಸುಮ್ನೆ ಕೂರಿಸಿದರೆ ಮನೆಯವರಿಗೆಲ್ಲ ಕಷ್ಟ. ಗಂಟೆಗೊಂದು ಸಲ ಗ್ಯಾಸ್ ಆಫ್ ಆಗಿದೆಯಾ, ಮೋಟರ್ ಆಫ್ ಆಗಿದೆಯಾ ಅಂತ ವಿಚಾರಣೆ. ಅದಕ್ಕೇ ನಾನು ಸ್ಪೀಕರ್ ತಂದಿಟ್ಟು ಒಂದು ಆಡಿಯೋಬುಕ್ ಹಾಕಿದೆ. ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’. ಓದಿದವರು ಹ್ಯೂ ಫ್ರೇಸರ್.

1926ರ ಕಾದಂಬರಿ ಇದು. ಅಷ್ಟು ಹಳೆಯ ಗುಟ್ಟನ್ನು ನಾನೊಬ್ಬಳು ಕಾಪಾಡಿ ಆಗಬೇಕಾದ್ದೇನೂ ಇಲ್ಲ. ಗೊತ್ತಾಗಬಾರದು ಅನ್ನುವವರು ಇಲ್ಲೇ ನಿಲ್ಲಿಸಿ, ಕೇಳಿಕೊಂಡು ಬನ್ನಿ. ಪೂರ್ತಿ ಕೇಳೋಕೆ ಏಳು ತಾಸಿನ ಹತ್ತಿರ ಬೇಕು. ಕಥೆ ಹೇಳ್ತಾನಲ್ಲ ಊರಿನ ಡಾಕ್ಟರ್ ಶೆಪರ್ಡ್, ಕೊಲೆ ಮಾಡಿದವನು ಅವನೇ.

ಚಿಕ್ಕಪ್ಪನ ಸಿಟ್ಟು ಕೊಲೆಯ ಮೇಲಲ್ಲ. “ಪುಸ್ತಕದಲ್ಲಾದರೆ ಬೇರೆ ಮಾತು. ಇವನು ಇಷ್ಟು ದಿನ ನನ್ನ ಕಿವಿಯಲ್ಲೇ ಕೂತು ಸುಳ್ಳು ಹೇಳಿದನಲ್ಲ!”

ಕಿವಿಯಲ್ಲೇ ಕೂತು. ಈ ವಾರವೆಲ್ಲ ಬಸ್ಸಲ್ಲಿ, ಆಫೀಸಲ್ಲಿ, ಪಾತ್ರೆ ತೊಳೆಯುವಾಗ ಅದೇ ಮಾತು ತಲೆಯೊಳಗೆ ಸುತ್ತುತ್ತಿದೆ. ನಾನು ಇದೇ ಕಾದಂಬರಿಯನ್ನು ಕಾಲೇಜಿನಲ್ಲಿದ್ದಾಗ ಓದಿದವಳು. ಕೊನೆಗೆ ಬಂದಾಗ “ಅಬ್ಬಾ, ಎಂಥಾ ತಲೆ ಈ ಹೆಂಗಸಿಗೆ” ಅಂತ ಖುಷಿಯಾಗಿತ್ತು. ಮೋಸ ಹೋದೆ ಅಂತ ಸಿಟ್ಟು ಬಂದಿರಲಿಲ್ಲ. ಚಿಕ್ಕಪ್ಪನಿಗೆ ಲೇಖಕಿಯ ನೆನಪೇ ಇಲ್ಲ. ಅವರಿಗೆ ಸಿಟ್ಟಿರೋದು ಪೂರ್ತಿ ಆ ಡಾಕ್ಟ್ರ ಮೇಲೆ.

“ಅವನು ಸುಳ್ಳು ಹೇಳೇ ಇಲ್ಲ ಚಿಕ್ಕಪ್ಪ. ಒಂದಿಷ್ಟು ಹೇಳದೆ ಬಿಟ್ಟ, ಅಷ್ಟೆ.”

“ಎಲ್ಲಿ ಬಿಟ್ಟ? ವಾಪಸ್ ಹಾಕು.”

ನಾಲ್ಕನೇ ಅಧ್ಯಾಯಕ್ಕೆ ವಾಪಸ್ ಹೋದೆವು. ಆಕ್ರಾಯ್ಡ್‌ನ ಓದುವ ಕೋಣೆ. ಎಂಟೂ ನಲವತ್ತಕ್ಕೆ ಒಂದು ಕಾಗದ ಒಳಗೆ ಬಂತು. ಎಂಟೂ ಐವತ್ತಕ್ಕೆ ನಾನು ಹೊರಟೆ, ಕಾಗದ ಇನ್ನೂ ಓದದೆ ಹಾಗೇ ಇತ್ತು ಅಂತಾನೆ ಡಾಕ್ಟ್ರು. ಬಾಗಿಲ ಹಿಡಿಯ ಮೇಲೆ ಕೈ ಇಟ್ಟು, ಏನಾದರೂ ಮಾಡೋದು ಬಿಟ್ಟುಹೋಯಿತಾ ಅಂತ ಹಿಂದೆ ತಿರುಗಿ ನೋಡ್ತಾನೆ. ಮುಗೀತು. ಒಂದು ವಾಕ್ಯಕ್ಕೂ ಇನ್ನೊಂದು ವಾಕ್ಯಕ್ಕೂ ನಡುವೆ ಹತ್ತು ನಿಮಿಷ ಮಾಯ. ಕೊಲೆ ಆಗಿದ್ದು ಅಲ್ಲಿ.

ಚಿಕ್ಕಪ್ಪ ಸ್ಪೀಕರ್‌ಗೆ ಕಿವಿ ಹಚ್ಚಿ ಕೂತರು. “ಇನ್ನೊಂದ್ಸಲ.” ಹಾಕಿದೆ. “ಇನ್ನೊಂದ್ಸಲ.” ದನಿ ಎಲ್ಲಾದರೂ ನಡುಗುತ್ತಾ, ಉಸಿರು ಎಲ್ಲಾದರೂ ಸಿಕ್ಕಿಕೊಳ್ಳುತ್ತಾ ಅಂತ ಹುಡುಕುತ್ತಿದ್ದರು. ಸಾಲದ ಅರ್ಜಿ ಹಿಡಿದು ಎದುರು ಕೂತವನ ಮುಖವನ್ನು ಇದೇ ಥರ ಜಾಲಾಡುತ್ತಿದ್ದರೇನೋ. ಏನೂ ಸಿಗಲಿಲ್ಲ. ಆ ಎರಡು ವಾಕ್ಯಗಳ ನಡುವೆ ಫ್ರೇಸರ್ ಎಲ್ಲರ ಹಾಗೆ ಉಸಿರು ತೆಗೆದುಕೊಂಡಿದ್ದಾರೆ, ಮುಂದಕ್ಕೆ ಹೋಗಿದ್ದಾರೆ.

“ಇವನಿಗೆ ಕೊನೆ ಗೊತ್ತಿತ್ತಾ, ಓದುವಾಗ?”

“ಗೊತ್ತಿರದೆ ಇರುತ್ತಾ?”

“ಹಾಗಾದ್ರೆ ಇವನೂ ಕಳ್ಳನೇ.”

ನನಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ಸಿಕ್ಕಿಲ್ಲ. ಪತ್ತೇದಾರಿ ಆಡಿಯೋಬುಕ್ ಓದುವವರ ಕೆಲಸವೇ ಅದು. ಕೊನೆ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಗಂಟೆಗಟ್ಟಲೆ ಓದಬೇಕು. ದನಿಯಲ್ಲಿ ಒಂಚೂರು ಜಾಸ್ತಿ ಅರ್ಥ ತುಂಬಿದರೂ ಕೇಳುವವರು ಹಿಡಿದುಬಿಡ್ತಾರೆ. ಹಾಗಂತ ಏನೂ ತುಂಬದೆ ಓದಿದರೆ ಎರಡನೇ ಅಧ್ಯಾಯಕ್ಕೇ ನಿದ್ದೆ.

ಫ್ರೇಸರ್ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. ಈ ಕೊಲೆಯನ್ನು ಪತ್ತೆ ಮಾಡುವವನು ಪೊಯಿರೋ, ಕ್ರಿಸ್ಟಿಯ ಎಷ್ಟೋ ಕಥೆಗಳ ಪತ್ತೇದಾರ. ಅವನ ಕಥೆಗಳ ಟಿವಿ ಸರಣಿಯಲ್ಲಿ, ಡೇವಿಡ್ ಸುಶೆ ಪೊಯಿರೋ ಆಗಿದ್ದರಲ್ಲ, ಅದರಲ್ಲಿ ಗೆಳೆಯ ಕ್ಯಾಪ್ಟನ್ ಹೇಸ್ಟಿಂಗ್ಸ್ ಆಗಿದ್ದವರು ಈ ಫ್ರೇಸರ್. ಪೆದ್ದು, ಒಳ್ಳೆಯವನು, ಮನಸ್ಸಿನಲ್ಲಿ ಇದ್ದದ್ದೆಲ್ಲ ಮುಖದಲ್ಲಿ ಕಾಣುವ ಮನುಷ್ಯ. ಈ ಕಾದಂಬರಿಯಲ್ಲಿ ಹೇಸ್ಟಿಂಗ್ಸ್ ಇಲ್ಲ, ಅವನ ಜಾಗಕ್ಕೆ ಡಾಕ್ಟ್ರು ಬಂದಿದ್ದಾನೆ. ಆದರೆ ದನಿ ಹೇಸ್ಟಿಂಗ್ಸ್‌ದೇ! ಆ ಸರಣಿ ನೋಡಿದವರ ಕಿವಿ ಮೊದಲ ಸಾಲಿನಲ್ಲೇ ಸೋತು ಕೂತಿರುತ್ತೆ. ಕ್ರಿಸ್ಟಿ ಇದನ್ನು ಕೇಳಿದ್ದರೆ ನಕ್ಕಿರುತ್ತಿದ್ದರು ಅಂತ ನನ್ನ ಅಂದಾಜು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗೋಕಾಗಲ್ಲ. ಬ್ರಿಟನ್ನಿನಲ್ಲಿ ಕುರುಡರಿಗಾಗಿ ಮಾತಾಡುವ ಪುಸ್ತಕಗಳು ಶುರುವಾದದ್ದು 1935ರಲ್ಲಿ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡು ಬಂದ ಸೈನಿಕರಿಗೆ ಅನುಕೂಲ ಆಗಲಿ ಅನ್ನುವುದು ಅದರ ಹಿಂದಿನ ಉದ್ದೇಶ. ದೊಡ್ಡವರಾದ ಮೇಲೆ ಬ್ರೈಲ್ ಕಲಿಯುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಗ್ರಾಮಫೋನ್ ತಟ್ಟೆಗಳು, ಒಂದೊಂದು ಬದಿಯಲ್ಲಿ ಸುಮಾರು 25 ನಿಮಿಷ. ಆ ಮೊದಲ ಕಂತಿನಲ್ಲೇ ಬಂದ ಪುಸ್ತಕಗಳಲ್ಲಿ ಒಂದು ಕಾನ್ರಾಡ್‌ನ ‘ಟೈಫೂನ್’. ಇನ್ನೊಂದು ಇದೇ ರೋಜರ್ ಆಕ್ರಾಯ್ಡ್. ಕಣ್ಣಿಲ್ಲದೆ ದನಿಯೊಂದನ್ನೇ ನಂಬಿ ಬದುಕಬೇಕಾದವರಿಗೆ ಮೊದಲು ಕೇಳಿಸಿದ ಕಥೆಗಳಲ್ಲಿ ಒಂದು, ದನಿಯನ್ನೇ ನಂಬಬಾರದು ಅನ್ನುವ ಕಥೆ! ಯಾರು ಆರಿಸಿದರೋ, ಅವರಿಗೆ ಒಂದು ನಮಸ್ಕಾರ. ಡಾಕ್ಟ್ರ ಮಾತು ಅರ್ಧಕ್ಕೆ ನಿಲ್ಲುತ್ತೆ, ಎದ್ದು ತಡಕಾಡಿ ತಟ್ಟೆ ತಿರುಗಿಸಿ ಹಾಕಬೇಕು, ಅವನು ಮತ್ತೆ ಅದೇ ಸಭ್ಯ ದನಿಯಲ್ಲಿ ಶುರು ಮಾಡ್ತಾನೆ. ಆ ಕೇಳುಗರಲ್ಲೂ ಯಾರೋ ಒಬ್ಬರು “ಡಾಕ್ಟ್ರು ಮೋಸ ಮಾಡಿದ” ಅಂತ ಕೂಗಿಕೊಂಡಿರಬೇಕು.

ಈಗಿನ ಸೈಕಲಾಜಿಕಲ್ ಥ್ರಿಲ್ಲರ್‌ಗಳೆಲ್ಲ ಆ ಡಾಕ್ಟ್ರ ಸಂತಾನವೇ. ಕಥೆ ಹೇಳುವವರನ್ನು ನಂಬೋ ಹಾಗಿಲ್ಲ. ಗಿಲಿಯನ್ ಫ್ಲಿನ್‌ರ ‘ಗಾನ್ ಗರ್ಲ್’ನಲ್ಲಿ ಗಂಡನ ಭಾಗವನ್ನು ಕರ್ಬಿ ಹೇಬಾರ್ನ್, ಹೆಂಡತಿಯ ಭಾಗವನ್ನು ಜೂಲಿಯಾ ವೀಲನ್ ಓದಿದ್ದಾರೆ. ವೀಲನ್ ಡೈರಿ ಓದುವ ಆ ಸಕ್ಕರೆ ದನಿ ಮೊದಮೊದಲು ನನಗೆ ರೇಗಿಸಿತ್ತು. ಅರ್ಧ ಪುಸ್ತಕ ಆದಮೇಲೆ ಗೊತ್ತಾಯಿತು, ಆ ಸಕ್ಕರೆ ಯಾಕೆ ಅಂತ. ಪೌಲಾ ಹಾಕಿನ್ಸ್‌ರ ‘ದಿ ಗರ್ಲ್ ಆನ್ ದಿ ಟ್ರೈನ್’ನಲ್ಲಿ ಮೂವರು ಹೆಂಗಸರಿಗೆ ಮೂರು ದನಿ. ಕುಡಿದು ನೆನಪು ಕಳೆದುಕೊಳ್ಳುವ ರೇಚಲ್‌ಗೆ ದನಿ ಕೊಟ್ಟ ಕ್ಲೇರ್ ಕಾರ್ಬೆಟ್ ಎಲ್ಲೂ ನಮ್ಮ ಸಿನಿಮಾ ಕುಡುಕರ ಹಾಗೆ ತೊದಲೋದಿಲ್ಲ. ಕುಡಿದಿಲ್ಲ ಅಂತ ತೋರಿಸಿಕೊಳ್ಳಲು ಒದ್ದಾಡುವವರ ಹಾಗೆ ಒಂದೊಂದೇ ಮಾತನ್ನು ಜೋಪಾನವಾಗಿ ಇಡ್ತಾರೆ. ಅದು ಗೊತ್ತಿದ್ದವರ ಕೆಲಸ. ‘ದಿ ಸೈಲೆಂಟ್ ಪೇಷೆಂಟ್’ ಬಗ್ಗೆ ನನಗೆ ಅಷ್ಟು ಪ್ರೀತಿ ಇಲ್ಲ. ಗಂಡನಿಗೆ ಗುಂಡು ಹಾರಿಸಿ ಮಾತೇ ನಿಲ್ಲಿಸಿದ ಹೆಂಗಸಿನ ಡೈರಿಯನ್ನು ಲೂಯಿ ಬ್ರೀಲಿ ಓದಿದ್ದು ಚೆನ್ನಾಗಿದೆ, ನಿಜ. ಆದರೆ ಅದರ ತಿರುವು ನಿಂತಿರೋದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರ ಮೇಲೆ. ಪುಸ್ತಕವಾದರೆ ಹಾಳೆ ತಿರುವಿ ನೋಡಬಹುದು. ಕೇಳುವಾಗ ಎಲ್ಲಿಗೆ ಅಂತ ವಾಪಸ್ ಹೋಗೋದು?

ಚಿಕ್ಕಪ್ಪನ ಮಗ ಇದನ್ನೆಲ್ಲ ಒಂದೂವರೆ ಪಟ್ಟು ಸ್ಪೀಡಿನಲ್ಲಿ ಕೇಳ್ತಾನೆ. “ಟೈಮ್ ಉಳಿಯುತ್ತಕ್ಕಾ” ಅಂತಾನೆ. ಉಳಿಸಿದ ಟೈಮಲ್ಲಿ ರೀಲ್ಸ್ ನೋಡ್ತಾನೆ, ಆ ಮಾತು ಬೇರೆ. ಒಳ್ಳೆಯ ಓದುಗ ಎಲ್ಲಿ ನಿಲ್ಲಿಸ್ತಾನೆ, ಎಷ್ಟು ಹೊತ್ತು ನಿಲ್ಲಿಸ್ತಾನೆ ಅನ್ನುವುದರಲ್ಲೇ ಅರ್ಧ ಭಯ ಇರುತ್ತೆ. ಅದನ್ನೇ ಹಿಂಡಿ ತೆಗೆದರೆ ಉಳಿಯೋದು ಎಫ್‌ಐಆರ್.

ಕನ್ನಡದಲ್ಲೂ ಈಗ ಆಪ್‌ಗಳಲ್ಲಿ ಥ್ರಿಲ್ಲರ್‌ಗಳು ಬೇಕಾದಷ್ಟಿವೆ. ಕೇಳ್ತೀನಿ, ಬೈಕೊಂಡು ಕೇಳ್ತೀನಿ. ಬಾಗಿಲು ತೆಗೆದರೆ ಕಿರ್ರ್, ನಾಯಿ ಊಳಿಡಬೇಕು, ಮೇಲೆ ಒಂದು ಢಣ್. ಖಳನಾಯಕ ಬಾಯಿ ಬಿಟ್ಟ ಕೂಡಲೇ ಗಂಟಲಿನಿಂದ ಗೊರಗೊರ. ಕೊಲೆಗಾರ ಯಾರು ಅಂತ ಇಪ್ಪತ್ತು ಕಂತು ಹುಡುಕಬೇಕಂತೆ, ಮೊದಲ ಕಂತಿನಲ್ಲೇ ದನಿ ಹೇಳಿಬಿಟ್ಟಿರುತ್ತೆ. ಗಂಡಸು ಹೆಂಗಸಿನ ಮಾತು ಓದುವಾಗ ಕೀರಲು ದನಿ ಮಾಡೋದನ್ನಂತೂ ಕೇಳೋಕಾಗಲ್ಲ. ಒಬ್ಬರು ಪದ್ಯ ಹಾಡಿ ಇನ್ನೊಬ್ಬರು ಅರ್ಥ ಹೇಳುವ ಗಮಕ ಕೇಳಿಕೊಂಡು ಬಂದ ಊರು ನಮ್ಮದು. ದ್ರೌಪದಿಯ ಮಾತು ಬಂದಾಗ ಗಮಕಿಗಳು ದನಿ ತೆಳ್ಳಗೆ ಮಾಡಿಕೊಳ್ತಾರಾ? ಇಲ್ಲವಲ್ಲ. ಆದರೂ ಅದು ದ್ರೌಪದಿಯೇ ಅಂತ ನಮಗೆ ಗೊತ್ತಾಗುತ್ತೆ. ಯಂತ್ರದ ದನಿಯಲ್ಲಿ ಓದಿಸಿದ ಪುಸ್ತಕಗಳೂ ಬರ್ತಿವೆ ಈಗ. ಅಡುಗೆ ಪುಸ್ತಕಕ್ಕೆ ಸರಿ. ಕೊಲೆಗೆ ಬೇಡ. ಯಂತ್ರಕ್ಕೆ ಕೊನೆ ಗೊತ್ತಿರೋದಿಲ್ಲ, ಮುಚ್ಚಿಡೋಕೆ ಏನೂ ಇರೋದಿಲ್ಲ.

ಇದೆಲ್ಲ ಸರಿ, ಕಿವಿಯಲ್ಲೇ ಕೂತು ಅನ್ನುವ ಮಾತು ನನ್ನನ್ನು ಯಾಕೆ ಬಿಡ್ತಿಲ್ಲ ಅಂತ ಬುಧವಾರ ಗೊತ್ತಾಯಿತು. ಚಿಕ್ಕಪ್ಪನ ಜೊತೆ ವಾಕಿಂಗ್ ಹೋಗುವ ರಿಟೈರ್ಡ್ ಮೇಷ್ಟ್ರೊಬ್ಬರು ಕಣ್ಣು ವಿಚಾರಿಸೋಕೆ ಬಂದಿದ್ದರು. ಹೋದ ವರ್ಷ ಅವರಿಗೆ ಡಿಜಿಟಲ್ ಅರೆಸ್ಟ್ ಅಂತ ಫೋನ್ ಬಂದು ದುಡ್ಡು ಹೋಗಿತ್ತು. ಅದು ಇಡೀ ಬಡಾವಣೆಗೆ ಗೊತ್ತು, ಯಾರೂ ಅವರೆದುರು ಎತ್ತೋದಿಲ್ಲ. ಅವತ್ತು ಅವರೇ ಎತ್ತಿದರು. “ಹೆದರಿಸಿದ್ದರೆ ಫೋನ್ ಇಟ್ಟುಬಿಡ್ತಿದ್ದೆ ಸಾರ್. ಎಷ್ಟು ಮರ್ಯಾದೆಯಿಂದ ಮಾತಾಡಿದ ಅಂತೀರಿ. ಊಟ ಮಾಡಿದ್ರಾ ಸಾರ್, ಮಾತ್ರೆ ತಗೊಂಡ್ರಾ ಸಾರ್ ಅಂತ ಕೇಳ್ತಿದ್ದ.” ಮಕ್ಕಳು ದೂರ ಇರುವ ಮನುಷ್ಯ. ಹಾಗೆ ಕೇಳುವ ದನಿ ಅವರ ಮನೆಯಲ್ಲಿ ಬೇರೆ ಇರಲಿಲ್ಲ.

ಅವರ ಮಗನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. “ಇಷ್ಟು ಓದಿದವರು ಹೇಗೆ ನಂಬಿದ್ರಿ?” ಅಂತ ಅಪ್ಪನನ್ನು ಎಲ್ಲರೆದುರು ಕೇಳಿದ್ದನಂತೆ. ಓದಿಗೂ ಇದಕ್ಕೂ ಏನು ಸಂಬಂಧ? ಕಣ್ಣಿಗೆ ಅನುಮಾನ ಕಲಿಸಿದ್ದೇವೆ. ಸಹಿ ನೋಡು, ಸೀಲ್ ನೋಡು, ಸಣ್ಣ ಅಕ್ಷರ ಓದು ಅಂತ. ಕಿವಿಗೆ ಯಾರೂ ಹಾಗೆ ಪಾಠ ಮಾಡಿಲ್ಲ. ಅಜ್ಜಿ ಹೇಳಿದ ಕಥೆಯಿಂದ ಹಿಡಿದು ರೇಡಿಯೋ ವಾರ್ತೆಯ ತನಕ ನಂಬಿಕೊಂಡೇ ಬಂದಿದೆ.

ಮೇಷ್ಟ್ರು ಹೋದಮೇಲೆ ಚಿಕ್ಕಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, “ಆ ಒಂಬತ್ತೂವರೆ ವಿಷಯ ಇನ್ನೊಂದ್ಸಲ ಹೇಳು.”

ಅದು ಈ ಕಾದಂಬರಿಯ ಇನ್ನೊಂದು ಚಮತ್ಕಾರ. ಎಂಟೂ ಐವತ್ತಕ್ಕೇ ಸತ್ತಿದ್ದ ಆಕ್ರಾಯ್ಡ್‌ನ ದನಿ ಒಂಬತ್ತೂವರೆಗೆ ಮುಚ್ಚಿದ ಬಾಗಿಲ ಹಿಂದಿನಿಂದ ಕೇಳಿಸುತ್ತೆ. ಹಾಗಾಗಿ ಅವನು ಬದುಕಿದ್ದ ಅಂತ ಎಲ್ಲರೂ ನಂಬ್ತಾರೆ. ಕೇಳಿಸಿದ್ದು ಡಿಕ್ಟಫೋನ್, ಅಂದರೆ ಕಾಗದ ಬರೆಸೋಕೆ ಮಾತು ಹಿಡಿದಿಡುವ ಯಂತ್ರ. ಮೊದಲೇ ರೆಕಾರ್ಡ್ ಆಗಿದ್ದ ದನಿ. ಪೊಯಿರೋಗೆ ಸುಳಿವು ಸಿಗೋದು ಆ ದನಿ ಆಡಿದ ಮಾತಿನಿಂದ. ಈಚೆಗೆ ನನ್ನ ಹಣದ ಮೇಲೆ ಬೇಡಿಕೆಗಳು ಹೆಚ್ಚಾಗಿರುವುದರಿಂದ ತಮ್ಮ ಕೋರಿಕೆಯನ್ನು ಈಡೇರಿಸಲಾಗುತ್ತಿಲ್ಲ ಅನ್ನುವ ಧಾಟಿ. ಎದುರು ಕೂತವರ ಹತ್ತಿರ ಯಾರು ಹೀಗೆ ಮಾತಾಡ್ತಾರೆ? ಇದು ಕಾಗದ ಬರೆಸುವ ಭಾಷೆ ಅಂತ ಪೊಯಿರೋ ಹಿಡೀತಾನೆ.

“ನೆನಪಿದೆಯಾ, ಅವತ್ತು ಅದು ಬಂದಾಗ ನಾನು ಏನಂದೆ?”

ನೆನಪಿತ್ತು. ಆ ಸಾಲು ಬಂದಾಗ ಚಿಕ್ಕಪ್ಪ ನಕ್ಕಿದ್ದರು. “ಸಾಲ ಕೊಡೋಕಾಗಲ್ಲ ಅಂತ ನಾನು ಸ್ಟೆನೋಗೆ ಹೇಳಿ ಬರೆಸ್ತಿದ್ದ ಲೆಟರ್ ಥರಾನೇ ಇದೆಯಲ್ಲೇ ಇದು” ಅಂದಿದ್ದರು. ನಾನೂ ನಕ್ಕಿದ್ದೆ. ಮುಂದಿನ ವಾಕ್ಯಕ್ಕೆ ಹೋಗಿದ್ದೆವು.

ಅವತ್ತಿನಿಂದ ಮನೆಗೆ ಯಾರು ಬಂದರೂ, ಯಾರು ಫೋನ್ ಮಾಡಿದರೂ ಕಣ್ಣು ಹೇಗಿದೆ ಅನ್ನುವುದಕ್ಕೆ ಉತ್ತರವೇ ಇಲ್ಲ. ಪೊಯಿರೋಗಿಂತ ಎಷ್ಟು ಅಧ್ಯಾಯ ಮೊದಲೇ ತಾನು ಕೇಸ್ ಹಿಡಿದೆ ಅನ್ನುವ ವರದಿ. ಪೊಯಿರೋ ಯಾರು ಅಂತ ಗೊತ್ತಿಲ್ಲದವರಿಗೆ, “ಅವನೂ ರಿಟೈರ್ ಆಗಿ ಹಿತ್ತಲಲ್ಲಿ ಕುಂಬಳಕಾಯಿ ಬೆಳೀತಿದ್ದ, ಬಿಡಿ” ಅಂತ ಸೇರಿಸ್ತಾರೆ.