ಸರ, ಈ ಸಾಫ್ಟ್‌ವೇರ್ ಎಲ್ಲಿ ಹಾಕ್ಬೇಕ್ರಿ?

"ಸರ, ಒಂದ್ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡೀನ್ರಿ. ಸ್ಟೋರ್‌ನ್ಯಾಗ ಸಿಗಲಿಲ್ಲ, ಅವರ ಸೈಟಿನ್ಯಾಗೇ ಸಿಕ್ತು. ಈಗ ಎಲ್ಲಿ ಹಾಕ್ಬೇಕ್ರಿ? ಡೌನ್‌ಲೋಡ್ಸ್‌ನ್ಯಾಗೇ ಇಟ್ರ ನಡೀತದೇನ್ರಿ?"

ಕಲಬುರಗಿಯಲ್ಲಿ ನನಗೆ ಲಿನಕ್ಸ್ (ವಿಂಡೋಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಬಗ್ಗೆ ಬರುವ ಫೋನುಗಳಲ್ಲಿ ಈ ಪ್ರಶ್ನೆಯೇ ಜಾಸ್ತಿ. ಕಂಪ್ಯೂಟರ್ ನಿಮ್ಮೊಬ್ಬರದೇ ಆಗಿದ್ದರೆ ನಡೆಯುತ್ತದೆ, ಎಲ್ಲಿ ಬೇಕಾದರೂ ಇಡಿ. ಆದರೆ ಹೀಗೆ ಕೇಳುವವರ ಕಂಪ್ಯೂಟರ್ ಒಬ್ಬರದಾಗಿರುವುದೇ ಅಪರೂಪ. ಮನೆಗೆ ಒಂದೇ ಡೆಸ್ಕ್‌ಟಾಪ್, ಅಪ್ಪ, ಅಣ್ಣ, ತಂಗಿ ಮೂವರಿಗೂ ಬೇರೆ ಬೇರೆ ಅಕೌಂಟ್. ಇಲ್ಲವೇ ಆಳಂದ, ಜೇವರ್ಗಿ, ಅಫಜಲಪುರ ಕಡೆಯ ಹುಡುಗರು ಪಾಳಿ ಹಚ್ಚಿ ಕೂರುವ ಕೋಚಿಂಗ್ ಸೆಂಟರಿನ ಮಷೀನು. ಇಲ್ಲವೇ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುವವರು ದುಡ್ಡು ಕೂಡಿಸಿ ತಂದ ಸೆಕೆಂಡ್ ಹ್ಯಾಂಡ್ ಡಬ್ಬಿ.

ಇಂಥ ಫೋನು ಈಚೆಗೆ ಹೆಚ್ಚಾಗುವುದಕ್ಕೂ ಕಾರಣ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಕೇಳುತ್ತದೆ. ಹಳೆ ಮಷೀನುಗಳಲ್ಲಿ ಅದು ಎಲ್ಲಿಂದ ಬರಬೇಕು? ಹಾಗಾಗಿ ಚೆನ್ನಾಗಿ ಓಡುತ್ತಿದ್ದ ಎಷ್ಟೋ ಡೆಸ್ಕ್‌ಟಾಪ್‌ಗಳಿಗೆ ಉಬುಂಟು, ಮಿಂಟ್ ಎಂಬ ಲಿನಕ್ಸ್‌ಗಳು ಬಂದು ಕೂತಿವೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಎಲ್ಲರೂ ಬಳಸುವ ಸಾಫ್ಟ್‌ವೇರ್ ಆದರೆ /ಆಪ್ಟ್ ಒಳಗೆ ಹಾಕಿ, ಅದರ ಮಾಲೀಕತ್ವ ರೂಟ್ (ಇಡೀ ಮಷೀನಿನ ಮೇಲೆ ಅಧಿಕಾರವಿರುವ ಅಕೌಂಟ್) ಹೆಸರಿನಲ್ಲಿರಲಿ. ನಿಮಗೊಬ್ಬರಿಗೇ ಬೇಕಾದದ್ದು ನಿಮ್ಮ ಹೋಮ್ ಫೋಲ್ಡರಿನಲ್ಲೇ ಇರಲಿ. ಸೋರ್ಸ್‌ನಿಂದ (ಮೂಲ ಕೋಡಿನಿಂದ) ನೀವೇ ಕಂಪೈಲ್ ಮಾಡಿದ್ದು /ಯುಎಸ್‌ಆರ್/ಲೋಕಲ್‌ಗೆ ಹೋಗಲಿ. /ಯುಎಸ್‌ಆರ್/ಬಿನ್ ಒಳಗೆ ಮಾತ್ರ ಕೈ ಹಾಕಬೇಡಿ. ಕೂಡು ಮನೆಯಲ್ಲಿ ಪಡಸಾಲಿ ಎಲ್ಲರದು, ಕೋಣೆ ಅವರವರದು ಅಲ್ವಾ, ಆಪ್ಟ್ ಅಂದರೆ ಪಡಸಾಲಿ. (ಫೋಲ್ಡರ್, ಕಮಾಂಡುಗಳ ಹೆಸರನ್ನು ನಾವು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಆಪ್ಟ್‌ನ ಮೊದಲ ಅಕ್ಷರ ಇಂಗ್ಲಿಷಿನ ಓ.)

ಇದಕ್ಕೂ ಮೊದಲು ಒಂದು ಸಣ್ಣ ಕೆಲಸ. ಅದು ನಿಜವಾಗಿಯೂ ಸ್ಟೋರ್‌ನಲ್ಲಿ ಇಲ್ಲವಾ, ಮತ್ತೊಮ್ಮೆ ನೋಡಿ. ಎಪಿಟಿಯಲ್ಲಿ (ಉಬುಂಟು, ಮಿಂಟ್‌ಗಳಲ್ಲಿ ಸಾಫ್ಟ್‌ವೇರ್ ತಂದು ಹಾಕುವ ಕಮಾಂಡು) ಹುಡುಕಿ, ಮಿಂಟ್ ಆದರೆ ಫ್ಲ್ಯಾಟ್‌ಪ್ಯಾಕ್‌ನಲ್ಲಿ, ಉಬುಂಟು ಆದರೆ ಸ್ನ್ಯಾಪ್‌ನಲ್ಲಿ ಹುಡುಕಿ. ಸಿಕ್ಕರೆ ಅದನ್ನೇ ಹಾಕಿ. ಹೊಸದು ಬೇಕೆಂಬ ಆಸೆಗೆ ಬಹಳ ಜನ ಸುಮ್ನೆ ಟಾರ್ ಫೈಲು (ಜಿಪ್ ಥರ ಕಟ್ಟಿಟ್ಟ ಫೈಲು) ಇಳಿಸಿಕೊಳ್ಳುತ್ತಾರೆ. ಸ್ಟೋರ್‌ನದು ಒಂದೆರಡು ವರ್ಷನ್ ಹಳೆಯದಾದರೂ ಅಪ್‌ಡೇಟಿನ ಚಿಂತೆ ನಿಮ್ಮ ತಲೆಗಿಲ್ಲ. ಟಾರ್ ಫೈಲಿನ ಪೂರ್ತಿ ಜವಾಬ್ದಾರಿ ನಿಮ್ಮದೇ.

ಡೌನ್‌ಲೋಡ್ಸ್‌ನಲ್ಲೇ ಯಾಕೆ ಇಡಬಾರದು? ಅಣ್ಣ ತನ್ನ ಅಕೌಂಟಿನಲ್ಲಿ ಬಿಚ್ಚಿ ಇಟ್ಟ, ಅವನಿಗೆ ಓಡಿತು. ತಂಗಿ ಲಾಗಿನ್ ಆದರೆ ಅವಳ ಮೆನುವಿನಲ್ಲಿ ಅದು ಇಲ್ಲ. ಫೈಲ್ ಮ್ಯಾನೇಜರಿನಲ್ಲಿ ಅಣ್ಣನ ಫೋಲ್ಡರ್ ತೆರೆಯಲು ಹೋದರೆ ಅನುಮತಿ ಇಲ್ಲ ಅನ್ನುತ್ತದೆ. ಉಬುಂಟುವಿನಲ್ಲಿ 21.04ರಿಂದ ಈಚೆಗೆ ಹೊಸದಾಗಿ ಮಾಡಿದ ಹೋಮ್ ಫೋಲ್ಡರಿನ ಅನುಮತಿ 750. ಅಂದರೆ ಒಬ್ಬರ ಮನೆಯೊಳಗೆ ಇನ್ನೊಬ್ಬರು ಇಣುಕುವಂತೆಯೂ ಇಲ್ಲ. ಮೊದಲು 755 ಇತ್ತು, ಬೇರೆಯವರು ಓದಬಹುದಿತ್ತು. ಹಳೆ ಕಂಪ್ಯೂಟರಿನಲ್ಲಿ ನಡೆದದ್ದು ಹೊಸದರಲ್ಲಿ ಯಾಕೆ ನಡೆಯುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರಿಗೆ ಕಾರಣ ಇದೇ ಇರಬಹುದು.

ಆಗ ಯಾರೋ ಒಬ್ಬರು "ಸಿಎಚ್‌ಮಾಡ್ 777 ಹೊಡೀರಿ, ಎಲ್ಲಾ ತೆರಕೊಳ್ತದ" ಅಂತ ಸಲಹೆ ಕೊಡುತ್ತಾರೆ. ಸಿಎಚ್‌ಮಾಡ್ ಅಂದರೆ ಅನುಮತಿ ಬದಲಿಸುವ ಕಮಾಂಡು, 777 ಅಂದರೆ ಯಾರು ಬೇಕಾದರೂ ಓದಬಹುದು, ಬದಲಿಸಬಹುದು. ಈ ಸಲಹೆ ಕೇಳಿದರೆ ನನಗೆ ಮೈ ಉರಿಯುತ್ತದೆ. ತೆರೆದುಕೊಳ್ಳುವುದು ಸಾಫ್ಟ್‌ವೇರ್ ಒಂದೇ ಅಲ್ಲವಲ್ಲ! ಆಧಾರ್ ಸ್ಕ್ಯಾನು, ಮನೆಯವರ ಫೋಟೋ, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡು ಎಲ್ಲವೂ ಆ ಹೋಮ್ ಫೋಲ್ಡರಿನಲ್ಲೇ ಇರುತ್ತವೆ. ಅದೂ ಅಲ್ಲದೆ, ರೂಮ್ ಬಿಟ್ಟು ಹೋದವನ ಅಕೌಂಟ್ ತೆಗೆದ ದಿನ ಅವನ ಫೋಲ್ಡರಿನ ಜೊತೆಗೆ ಎಲ್ಲರ ಸಾಫ್ಟ್‌ವೇರೂ ಹೋಗುತ್ತದೆ.

ಇನ್ನು /ಯುಎಸ್‌ಆರ್/ಬಿನ್. ಅದು ಪ್ಯಾಕೇಜ್ ಮ್ಯಾನೇಜರಿನ (ಎಪಿಟಿ ಥರದ್ದರ) ಜಾಗ. ನೀವಿಟ್ಟ ಫೈಲಿನ ಹೆಸರಿನದೇ ಒಂದು ಫೈಲು ನಾಳೆ ಅಪ್‌ಡೇಟಿನಲ್ಲಿ ಬಂದರೆ ನಿಮ್ಮದನ್ನು ಅಳಿಸಿ ಕೂರುತ್ತದೆ, ಕೇಳುವುದೂ ಇಲ್ಲ. ಇದಕ್ಕೆಲ್ಲ ಲಿಖಿತ ನಿಯಮವಿದೆ. ಲಿನಕ್ಸ್‌ನಲ್ಲಿ ಯಾವ ಫೋಲ್ಡರಿಗೆ ಯಾವ ಕೆಲಸ ಅಂತ 1994ರಲ್ಲೇ ಬರೆದಿಟ್ಟರು. ಅದೇ ಬೆಳೆದು ಫೈಲ್‌ಸಿಸ್ಟಮ್ ಹೈರಾರ್ಕಿ ಸ್ಟ್ಯಾಂಡರ್ಡ್ ಆಯಿತು, ಅದರ 3.0 ಆವೃತ್ತಿ 2015ರಲ್ಲಿ ಬಂತು. ಮಷೀನು ನೋಡಿಕೊಳ್ಳುವವರು ತಾವೇ ಹಾಕಿಕೊಳ್ಳುವುದಕ್ಕೆ /ಯುಎಸ್‌ಆರ್/ಲೋಕಲ್, ಹೊರಗಿನಿಂದ ಇಡಿಯಾಗಿ ಬರುವ ಪ್ಯಾಕೇಜಿಗೆ /ಆಪ್ಟ್ ಅಂತ ಅದರಲ್ಲಿದೆ. ಸಿಸ್ಟಮ್ ಅಪ್‌ಡೇಟ್ ಆದಾಗ ಲೋಕಲ್ ಒಳಗಿನದು ಅಳಿಯಬಾರದು ಅಂತಲೂ ಇದೆ. ಕ್ರೋಮ್ ಹಾಕಿಕೊಂಡವರು ತಮ್ಮ ಆಪ್ಟ್ ತೆರೆದು ನೋಡಿ, ಗೂಗಲ್ ಅಂತ ಒಂದು ಫೋಲ್ಡರ್ ಆಗಲೇ ಇರುತ್ತದೆ.

ಲೋಕಲ್, ಆಪ್ಟ್ ಎರಡೂ ಸುರಕ್ಷಿತ ಅಂದಮೇಲೆ ನಾನು ಆಪ್ಟ್ ಕಡೆಗೇ ಯಾಕೆ ವಾಲುತ್ತೇನೆ? ಕಿತ್ತು ಹಾಕುವ ದಿನಕ್ಕಾಗಿ. ಸೋರ್ಸ್‌ನಿಂದ ಕಂಪೈಲ್ ಮಾಡಿ ಇನ್‌ಸ್ಟಾಲ್ ಕೊಟ್ಟರೆ ಸಾಮಾನ್ಯವಾಗಿ ಅದು ಲೋಕಲ್‌ನ ಬಿನ್, ಲಿಬ್, ಶೇರ್ ಮೂರರಲ್ಲೂ ಫೈಲು ಚೆಲ್ಲುತ್ತದೆ. ಆರು ತಿಂಗಳ ಮೇಲೆ ಯಾವುದು ಯಾವುದರದು ಅಂತ ಗುರುತು ಹತ್ತುವುದಿಲ್ಲ. ಸೋರ್ಸ್ ಫೋಲ್ಡರ್ ಇನ್ನೂ ಉಳಿದಿದ್ದು, ಅದರಲ್ಲಿ ಅನ್‌ಇನ್‌ಸ್ಟಾಲ್ ಸೌಲಭ್ಯವೂ ಇದ್ದರೆ ಬಚಾವ್. ಆಪ್ಟ್‌ನಲ್ಲಾದರೆ ಒಂದು ಸಾಫ್ಟ್‌ವೇರಿಗೆ ಒಂದು ಫೋಲ್ಡರ್. ಅಳಿಸಿದರೆ ಕಥೆ ಮುಗಿಯಿತು. ಲೋಕಲ್‌ನಲ್ಲಿ ಇನ್ನೊಂದು ತೊಡಕೂ ಇದೆ. ಕಮಾಂಡ್ ಹುಡುಕುವ ಸಾಲಿನಲ್ಲಿ /ಯುಎಸ್‌ಆರ್/ಲೋಕಲ್/ಬಿನ್ ಮೊದಲು ಬರುತ್ತದೆ, /ಯುಎಸ್‌ಆರ್/ಬಿನ್ ಆಮೇಲೆ. ಹೊಸ ಪೈಥಾನ್ ಒಂದನ್ನು ಅದೇ ಹೆಸರಿನಲ್ಲಿ ಲೋಕಲ್‌ನಲ್ಲಿಟ್ಟರೆ ಟರ್ಮಿನಲ್ ಅದನ್ನೇ ಎತ್ತಿಕೊಳ್ಳುತ್ತದೆ, ಎಲ್ಲರ ಅಕೌಂಟಿನಲ್ಲೂ. ಬೇಕೆಂದೇ ಮಾಡಿದ್ದರೆ ಸರಿ. ಗೊತ್ತಿಲ್ಲದೆ ಆದರೆ ಬೇರೆಯವರ ಸ್ಕ್ರಿಪ್ಟ್ ಕೆಟ್ಟು, ಅವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಈಗ ಹಾಕುವ ಕ್ರಮ. ಪುಸ್ತಕ, ಲೇಖನಗಳ ಪಟ್ಟಿ ಇಡುವ ಜೊಟೆರೊ ತೆಗೆದುಕೊಳ್ಳೋಣ, ಸಂಶೋಧನೆ ಮಾಡುವವರು ಹೆಚ್ಚು ಕೇಳುವುದು ಅದನ್ನೇ. ಅವರ ಸೈಟಿನಿಂದ ಟಾರ್ ಫೈಲು ಬರುತ್ತದೆ. ಸುಡೊ (ರೂಟ್ ಅಧಿಕಾರದಲ್ಲಿ ಓಡಿಸುವ ಕಮಾಂಡು) ಕೊಟ್ಟು ಅದನ್ನು ಆಪ್ಟ್ ಒಳಗೆ ಬಿಚ್ಚಿ. ಬಿಚ್ಚಿದ ಕೂಡಲೇ ಮೆನುಗೆ ಹೋಗಬೇಡಿ, ಎಲ್‌ಎಸ್ ಮೈನಸ್ ಎಲ್ ಹೊಡೆದು ಮಾಲೀಕರ ಕಾಲಮ್ ನೋಡಿ. ಇದನ್ನು ಬಹಳ ಜನ ಬಿಡುತ್ತಾರೆ. ರೂಟ್ ಆಗಿ ಟಾರ್ ಬಿಚ್ಚಿದಾಗ, ಪ್ಯಾಕ್ ಮಾಡಿದವರ ಕಂಪ್ಯೂಟರಿನಲ್ಲಿ ಫೈಲಿನ ಮಾಲೀಕರ ನಂಬರ್ ಏನಿತ್ತೋ ಅದೇ ಇಲ್ಲೂ ಬಂದು ಕೂರಬಹುದು. ಪ್ಯಾಕ್ ಮಾಡಿದವರ ನಂಬರ್ 1000 ಆಗಿತ್ತು ಅಂದುಕೊಳ್ಳಿ. ಉಬುಂಟು, ಮಿಂಟ್‌ಗಳಲ್ಲಿ ಮೊದಲು ಮಾಡಿದ ಅಕೌಂಟಿಗೆ ಸಿಗುವ ನಂಬರೂ 1000. ಆಗ ಎಲ್ಲೋ ಯಾರೋ ಪ್ಯಾಕ್ ಮಾಡಿದ ಫೈಲುಗಳು ನಿಮ್ಮ ಮನೆಯ ಅಣ್ಣನ ಹೆಸರಿನಲ್ಲಿ ಕಾಣುತ್ತವೆ. ಅವನ ಅಕೌಂಟಿನಲ್ಲಿ ಓಡುವ ಯಾವ ಪ್ರೋಗ್ರಾಂ ಬೇಕಾದರೂ, ಪಾಸ್‌ವರ್ಡ್ ಕೇಳದೇ, ಉಳಿದವರೆಲ್ಲ ಓಡಿಸುವ ಆ ಫೈಲುಗಳನ್ನು ಬದಲಿಸಬಹುದು. ಇದು ಬೇಡ. ಸಿಎಚ್‌ಓನ್ ಮೈನಸ್ ದೊಡ್ಡ ಆರ್ ಕೊಟ್ಟು ಇಡೀ ಫೋಲ್ಡರನ್ನು ರೂಟ್ ಹೆಸರಿಗೆ ಮಾಡಿ.

ಓದುವ ಅನುಮತಿ ಎಲ್ಲರಿಗೂ ಇದೆಯಾ ಅಂತಲೂ ಅಲ್ಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಸಿಎಚ್‌ಮಾಡ್‌ಗೆ ಮೈನಸ್ ದೊಡ್ಡ ಆರ್ ಸೇರಿಸಿ, ಎ ಪ್ಲಸ್ ಆರ್ ಎಕ್ಸ್ ಕೊಡಿ. ಎಕ್ಸ್ ದೊಡ್ಡಕ್ಷರದ್ದೇ ಇರಲಿ. ಸಣ್ಣದಾದರೆ ಓದುವ ಫೈಲುಗಳಿಗೂ ಓಡುವ ಅನುಮತಿ ಬರುತ್ತದೆ. ದೊಡ್ಡದಾದರೆ ಫೋಲ್ಡರುಗಳಿಗೆ ಮತ್ತು ಮೊದಲೇ ಓಡುವ ಫೈಲುಗಳಿಗೆ ಮಾತ್ರ.

ಮೆನುವಿನಲ್ಲಿ ಎಲ್ಲರಿಗೂ ಕಾಣಬೇಕಾದರೆ ಡೆಸ್ಕ್‌ಟಾಪ್ ಫೈಲು (ಮೆನುವಿಗೆ ಹೆಸರು, ಐಕಾನ್ ಹೇಳುವ ಸಣ್ಣ ಫೈಲು) /ಯುಎಸ್‌ಆರ್/ಲೋಕಲ್/ಶೇರ್/ಅಪ್ಲಿಕೇಶನ್ಸ್ ಒಳಗೆ ಇರಬೇಕು. ಟರ್ಮಿನಲ್‌ನಿಂದ ಕರೆಯಬೇಕಾದರೆ /ಯುಎಸ್‌ಆರ್/ಲೋಕಲ್/ಬಿನ್‌ನಲ್ಲಿ ಒಂದು ಲಿಂಕ್ ಸಾಕು. ಫೈಲು ಆಪ್ಟ್‌ನಲ್ಲಿ, ಗುರುತು ಮಾತ್ರ ಲೋಕಲ್‌ನಲ್ಲಿ. ಪ್ರೋಗ್ರಾಂ ಎಲ್ಲರಿಗೂ ಒಂದೇ ಆದರೂ ಒಳಗಿನ ಸರಂಜಾಮು ಅವರವರ ಹೋಮ್‌ನಲ್ಲೇ ಇರುತ್ತದೆ. ಜೊಟೆರೊದಲ್ಲಿ ಒಬ್ಬರ ಪುಸ್ತಕ ಪಟ್ಟಿ ಇನ್ನೊಬ್ಬರಿಗೆ ಕಾಣುವುದಿಲ್ಲ. ಗೈಡ್ ಒಬ್ಬರೇ ಆದ ಇಬ್ಬರು ಒಂದೇ ಮಷೀನು ಬಳಸುವಾಗ ಇದು ಸಣ್ಣ ಮಾತಲ್ಲ.

ರೂಟ್ ಹೆಸರಿಗೆ ಮಾಡುವುದರಲ್ಲಿ ಒಂದು ತೊಂದರೆಯೂ ಇದೆ, ಮುಚ್ಚಿಡುವುದಿಲ್ಲ. ಜೊಟೆರೊ ಥರದ ಸಾಫ್ಟ್‌ವೇರ್ ತಾನೇ ಅಪ್‌ಡೇಟ್ ಆಗಲು ನೋಡುತ್ತದೆ. ತನ್ನ ಫೋಲ್ಡರಿಗೆ ಬರೆಯುವ ಅಧಿಕಾರವಿಲ್ಲದಿದ್ದರೆ ಆಗುವುದಿಲ್ಲ. ಹಾಗಾಗಿ ಅಪ್‌ಡೇಟ್ ಯಾರು ಮಾಡುತ್ತಾರೆ ಅಂತ ಹಾಕುವ ದಿನವೇ ಮಾತಾಡಿಕೊಳ್ಳಿ. ಯಾರೂ ಒಪ್ಪದಿದ್ದರೆ ಆಪ್ಟ್‌ನಲ್ಲಿ ಹಾಕಲೇಬೇಡಿ, ಬೇಕಾದವರು ತಮ್ಮ ತಮ್ಮ ಹೋಮ್‌ನಲ್ಲಿ ಇಟ್ಟುಕೊಳ್ಳಲಿ. ಡಿಸ್ಕಿನಲ್ಲಿ ಜಾಗ ಜಾಸ್ತಿ ಹಿಡಿದರೂ ಪರವಾಗಿಲ್ಲ. ಎರಡು ವರ್ಷ ಹಳೆಯ ಬ್ರೌಸರೊಂದು ಆಪ್ಟ್‌ನಲ್ಲಿ ಕೂತು ಎಲ್ಲರ ಬ್ಯಾಂಕ್ ಲಾಗಿನ್ ನೋಡುವುದಕ್ಕಿಂತ ಅದು ವಾಸಿ. ಬ್ರೌಸರನ್ನಂತೂ ಟಾರ್ ಫೈಲಿನಿಂದ ಹಾಕಬೇಡಿ. ಫೈರ್‌ಫಾಕ್ಸ್‌ಗೆ ಮೊಜಿಲ್ಲಾದವರೇ ಎಪಿಟಿ ರೆಪೊ ಕೊಟ್ಟಿದ್ದಾರೆ, ಅಂದರೆ ಎಪಿಟಿಯಿಂದಲೇ ಹಾಕಿ ಅಪ್‌ಡೇಟ್ ಮಾಡಬಹುದು.

ಬ್ಲೆಂಡರ್‌ನಂಥ ದೊಡ್ಡ ಸಾಫ್ಟ್‌ವೇರಿಗೆ ನಾನು ಮಾಡುವುದು ಹೀಗೆ: ಫೋಲ್ಡರಿನ ಹೆಸರಿನಲ್ಲಿ ವರ್ಷನ್ ನಂಬರ್ ಇರಲಿ, ಪಕ್ಕದಲ್ಲಿ ಬರೀ ಬ್ಲೆಂಡರ್ ಅನ್ನುವ ಲಿಂಕ್ ಇರಲಿ. ಮೆನು ನೋಡುವುದು ಲಿಂಕನ್ನು. ಹೊಸದು ಬಂದಾಗ ಪಕ್ಕದಲ್ಲೇ ಬಿಚ್ಚಿ, ಓಡಿಸಿ ನೋಡಿ, ಆಮೇಲೆ ಲಿಂಕ್ ತಿರುಗಿಸಿ. ಬಿಚ್ಚುವ ಮಧ್ಯೆ ಕರೆಂಟ್ ಹೋಯಿತಾ? ಹಳೆಯದು ಇದ್ದ ಹಾಗೇ ಓಡುತ್ತದೆ. ಬೇಸಿಗೆಯಲ್ಲಿ ನಮ್ಮೂರಿನ ಕರೆಂಟು ನಂಬಿ ಇದ್ದದ್ದರ ಮೇಲೇ ಹೊಸದನ್ನು ಬಿಚ್ಚುವುದು ನನ್ನಿಂದಾಗದು. ಒಂದೇ ಎಚ್ಚರ ಅಂದರೆ, ಆಪ್ಟ್ ಇರುವುದು ಸಾಮಾನ್ಯವಾಗಿ ರೂಟ್ ಪಾರ್ಟಿಷನ್‌ನಲ್ಲಿ. ಹೋಮ್‌ಗೆ ಬೇರೆ ಪಾರ್ಟಿಷನ್ ಮಾಡಿ ರೂಟ್‌ಗೆ ಸ್ವಲ್ಪವೇ ಜಾಗ ಕೊಟ್ಟಿದ್ದರೆ ಹಳೆ ವರ್ಷನ್‌ಗಳು ಬೇಗ ತುಂಬಿಬಿಡುತ್ತವೆ.

ಆಪ್‌ಇಮೇಜ್ ಅಂದರೆ ಇಡೀ ಸಾಫ್ಟ್‌ವೇರೇ ಒಂದು ಫೈಲು, ಆಪ್ಟ್ ಒಳಗೆ ಒಂದು ಫೋಲ್ಡರ್ ಮಾಡಿ ಇಟ್ಟು 755 ಕೊಟ್ಟರೆ ಆಯಿತು. ಕ್ಲಿಕ್ ಮಾಡಿದರೂ ಏನೂ ಆಗದಿದ್ದರೆ ಫೈಲು ಕೆಟ್ಟಿದೆ ಅಂದುಕೊಳ್ಳಬೇಡಿ. ಬಹಳಷ್ಟು ಆಪ್‌ಇಮೇಜ್‌ಗಳಿಗೆ ಲಿಬ್‌ಫ್ಯೂಸ್2 ಅನ್ನುವ ಪ್ಯಾಕೇಜ್ ಬೇಕು, ಉಬುಂಟು 22.04ರಿಂದ ಅದು ತಾನಾಗಿ ಬರುವುದಿಲ್ಲ. 24.04ರಲ್ಲಿ ಅದೇ ಪ್ಯಾಕೇಜಿನ ಹೆಸರಿನ ಕೊನೆಗೆ ಟಿ64 ಸೇರಿದೆ, ಹಾಗಾಗಿ ಹಳೆ ಹೆಸರಿನಲ್ಲಿ ಹುಡುಕಿದರೆ ಗೊಂದಲ. ಆರ್ಡುಯಿನೊ ಎಂಬ ಸಣ್ಣ ಎಲೆಕ್ಟ್ರಾನಿಕ್ ಬೋರ್ಡಿಗೆ ಪ್ರೋಗ್ರಾಂ ಬರೆಯುವ ಆರ್ಡುಯಿನೊ ಐಡಿಇ ಬರುವುದೂ ಹೀಗೇ. ಅದರಲ್ಲಿ ಇನ್ನೊಂದು ಮಜಾ ಇದೆ. ಎಲ್ಲರ ಮೆನುವಿನಲ್ಲೂ ಕಾಣುತ್ತದೆ, ಎಲ್ಲರಿಗೂ ತೆರೆಯುತ್ತದೆ, ಬೋರ್ಡಿಗೆ ಪ್ರೋಗ್ರಾಂ ಕಳಿಸುವುದು ಮಾತ್ರ ಕೆಲವರಿಗೇ ಆಗುತ್ತದೆ. ಕೇಬಲ್ ಬದಲಿಸಿ ಬದಲಿಸಿ ಹುಡುಗರು ಸುಸ್ತಾಗುತ್ತಾರೆ. ಕೇಬಲ್ ಸರಿಯಾಗೇ ಇರುತ್ತದೆ. ಸೀರಿಯಲ್ ಪೋರ್ಟ್ ಮುಟ್ಟಲು ಆ ಯೂಸರ್ ಡಯಲ್‌ಔಟ್ ಗುಂಪಿನಲ್ಲಿರಬೇಕು. ಸೇರಿಸಿದ ಮೇಲೆ ಲಾಗೌಟ್ ಆಗಿ ಒಳಗೆ ಬರಬೇಕು. ಬೋರ್ಡಿನ ಫೈಲುಗಳನ್ನೂ ಪ್ರತಿಯೊಬ್ಬರ ಹೋಮ್‌ಗೆ ಬೇರೆ ಬೇರೆ ಇಳಿಸುತ್ತದೆ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಓಡಿಸುವವರು ನೋಡಿಕೊಳ್ಳಿ.

ಡಿಟಿಪಿ ಮಾಡುವವರು ಕನ್ನಡ ಫಾಂಟ್ ಬಗ್ಗೆ ಕೇಳುತ್ತಾರೆ, ಅಲ್ಲೂ ಇದೇ ಲೆಕ್ಕ. ಎಲ್ಲರಿಗೂ ಬೇಕಾದರೆ /ಯುಎಸ್‌ಆರ್/ಲೋಕಲ್/ಶೇರ್/ಫಾಂಟ್ಸ್, ಆಮೇಲೆ ಎಫ್‌ಸಿ-ಕ್ಯಾಶ್ ಒಮ್ಮೆ ಓಡಿಸಿ. ಲೋಹಿತ್, ಗುಬ್ಬಿ, ನವಿಲು ಬೇಕಾದರೆ ಈ ಕಸರತ್ತು ಬೇಡ, ಪ್ಯಾಕೇಜ್ ಆಗಿಯೇ ಸಿಗುತ್ತವೆ.

"ಅವರ ಸೈಟಿನ್ಯಾಗ ಸುಡೊ ಹಚ್ಚಿ ಒಂದ್ ಸ್ಕ್ರಿಪ್ಟ್ ಓಡಸ್ರಿ ಅಂತ ಬರದಾರ್ರಿ" ಅಂತ ಹೇಳುವವರೂ ಇದ್ದಾರೆ. ಹಂಚಿಕೊಂಡ ಮಷೀನಿನಲ್ಲಿ ನಾನು ಅದಕ್ಕೆ ಒಪ್ಪುವುದಿಲ್ಲ. ರೂಟ್ ಆಗಿ ಓಡುವ ಸ್ಕ್ರಿಪ್ಟಿಗೆ ಎಲ್ಲರ ಹೋಮ್ ಫೋಲ್ಡರೂ ತೆರೆದ ಬಾಗಿಲು. ಬಿಚ್ಚಿ ಇಡುವ ಟಾರ್ ಫೈಲೂ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಬಿಚ್ಚಲು ಮಾತ್ರ ರೂಟ್ ಸಾಕು, ಓಡಿಸುವುದು ನಿಮ್ಮ ಅಕೌಂಟಿನಲ್ಲೇ.

ವಿಂಡೋಸ್‌ನಲ್ಲೇ ಉಳಿದವರಿಗೆ ಒಂದು ಮಾತು. ಅಲ್ಲಿ ಪ್ರೋಗ್ರಾಂ ಫೈಲ್ಸ್ ಎಲ್ಲರದು, ಆಪ್‌ಡೇಟಾ ಒಬ್ಬರದು. ಅಡ್ಮಿನ್ ಪಾಸ್‌ವರ್ಡ್ ಕೇಳದೇ ಸಲೀಸಾಗಿ ಇನ್‌ಸ್ಟಾಲ್ ಆದದ್ದು ಬಹುಶಃ ಆಪ್‌ಡೇಟಾಗೆ ಹೋಗಿರುತ್ತದೆ, ಬೇರೆ ಅಕೌಂಟಿನಲ್ಲಿ ಕಾಣುವುದಿಲ್ಲ.

ಕೊನೆಗೆ, ಸುಡೊ ಪಾಸ್‌ವರ್ಡೇ ಇಲ್ಲದವರು. ಕಾಲೇಜಿನ ಲ್ಯಾಬಿನಲ್ಲಿ ಕೂತು ಕೇಳುವವರೆಲ್ಲ ಇವರೇ. ನಿಮಗೆ ಆಪ್ಟ್ ಸಿಗುವುದಿಲ್ಲ, ಸಿಗಲೂ ಬಾರದು. ನಿಮ್ಮ ಹೋಮ್‌ನಲ್ಲಿ ಚುಕ್ಕಿ ಲೋಕಲ್ ಅನ್ನುವ ಅಡಗಿದ ಫೋಲ್ಡರ್ ಇದೆ. ಅದರಲ್ಲಿ ಬಿನ್ ಮಾಡಿಕೊಂಡು ಓಡುವ ಫೈಲಿನ ಲಿಂಕ್ ಇಡಿ. ಡೆಸ್ಕ್‌ಟಾಪ್ ಫೈಲನ್ನು ಅಲ್ಲೇ ಶೇರ್‌ನ ಅಪ್ಲಿಕೇಶನ್ಸ್‌ನಲ್ಲಿ ಇಡಿ. ಉಬುಂಟು ಆ ಬಿನ್ ಫೋಲ್ಡರನ್ನು ಲಾಗಿನ್ ಆಗುವ ಹೊತ್ತಿಗೆ ಇದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಈಗಷ್ಟೇ ಮಾಡಿದ್ದರೆ ಲಾಗೌಟ್ ಆಗಿ ಮತ್ತೆ ಬನ್ನಿ. ಅದೇ ಸಾಫ್ಟ್‌ವೇರ್ ಲ್ಯಾಬಿನಲ್ಲಿ ಇನ್ನೂ ಮೂರು ಜನಕ್ಕೆ ಬೇಕಿದ್ದರೆ, ನಾಲ್ವರೂ ಸೇರಿ ಲ್ಯಾಬ್ ನೋಡಿಕೊಳ್ಳುವವರ ಹತ್ತಿರ ಹೋಗಿ, ಆಪ್ಟ್‌ನಲ್ಲಿ ಹಾಕಿಕೊಡಿ ಅಂತ ಕೇಳಿ. ಹೋಗುವಾಗ ಯಾವ ವರ್ಷನ್, ಯಾವ ಸೈಟಿನದು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಕೆಲಸ ಬೇಗ ಆಗುತ್ತದೆ.