ಹಳೇ ಪುಸ್ತಕದ ಕಪಾಟು

ಇವತ್ತು ನಮ್ಮ ಬಿ.ಎಡ್. ಕಾಲೇಜಿನ ಲೈಬ್ರರಿಯಲ್ಲಿ ಶಾಲಾ ಪುಸ್ತಕಗಳ ಕಪಾಟು ಇಳಿಸಿಕೊಂಡು ಕೂತಿದ್ದೆ. ಪಾಠಯೋಜನೆ ಬರೆಯೋಕೆ ಎಲ್ಲರೂ ಕೇಳುವುದು ಹೊಸ ಪಠ್ಯವನ್ನೇ. ಹಳೇದು ರದ್ದಿಗೆ, ಅಲ್ವಾ? ನಾನು ಮಾತ್ರ ಒಂದೊಂದು ಪ್ರತಿ ಉಳಿಸಿಕೊಳ್ಳುತ್ತೇನೆ. ಪಠ್ಯ ಹೇಗೆ ಬದಲಾಯ್ತು ಅಂತ ನೋಡೋಕಾದರೂ ಬೇಕಲ್ಲ.

ನಲಿ-ಕಲಿ ಕಾರ್ಡುಗಳದ್ದೇ ಜಾಸ್ತಿ ತಲೆನೋವು. ಚಿಕ್ಕ ಕ್ಲಾಸಿನ ಮಕ್ಕಳು ಕಾರ್ಡು ಹಿಡಿದು ಹಂತ ಹಂತವಾಗಿ, ನಲಿಯುತ್ತಾ ಕಲಿಯೋ ಪದ್ಧತಿ ಅದು; 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಯ್ತು. ಒಂದು ಕಾರ್ಡ್ ಕಳೆದರೆ ಕಲಿಕೆಯ ಏಣಿಯಲ್ಲಿ ಒಂದು ಮೆಟ್ಟಿಲೇ ಮಾಯ. ಕಟ್ಟಿದ್ದ ರಬ್ಬರ್ ಬ್ಯಾಂಡ್ ಬೇರೆ ಕರಗಿ ಅಂಟಿಕೊಂಡಿತ್ತು. ಇನ್ನು ಮೇಲೆ ಬಟ್ಟೆ ಚೀಲ.

ನಾಲ್ಕನೇ ಕ್ಲಾಸಿನ ಹಳೇ ಗಣಿತ ಪುಸ್ತಕದ ಕೊನೇ ಪುಟದಲ್ಲಿ ಯಾರೋ ಪೆನ್ಸಿಲಲ್ಲಿ ಹದಿನೇಳರ ಮಗ್ಗಿ ಬರೆದಿದ್ದಾರೆ. ಹದಿನೇಳು ಎಂಟಲ ನೂರಾ ಇಪ್ಪತ್ತಾರಂತೆ! ರದ್ದು ಸೀಲ್ ಕೈಯಲ್ಲೇ ಇತ್ತು. ಒತ್ತದೆ ಸುಮ್ನೆ ಒಳಗಿಟ್ಟೆ.