ಅಲಾಸ್ಕಾ ಹಡಗಿನಲ್ಲಿ ದುಡ್ಡು ಕೊಟ್ಟು ಉಂಡದ್ದು, ಕೊಡದೆ ಉಂಡದ್ದು

ಮಗಳ ಮನೆ ಸಿಯಾಟಲ್ ಹತ್ತಿರ. ಜೂನ್‌ನಲ್ಲಿ ಅವಳ ಮನೆಗೆ ಹೋದಾಗ ಎಲ್ಲರೂ ಸೇರಿ 7 ರಾತ್ರಿಯ ಅಲಾಸ್ಕಾ ಕ್ರೂಸ್ ಮಾಡಿ ಬಂದೆವು. ನಾನು, ನಮ್ಮನೆಯವರು, ಮಗಳು, ಅಳಿಯ, 7 ವರ್ಷದ ಮೊಮ್ಮಗ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ನೆಂಟರು, ಜೊತೆಯಲ್ಲಿ ವಾಕಿಂಗ್ ಬರುವವರು ಹಿಮನದಿಯ ಬಗ್ಗೆ ಒಂದು ಮಾತು ಕೇಳಿದರೆ ಊಟದ ಬಗ್ಗೆ ಹತ್ತು ಮಾತು ಕೇಳುತ್ತಾರೆ. ಅದರಲ್ಲೂ ಒಂದು ಪ್ರಶ್ನೆ ಎಲ್ಲರದ್ದೂ. "ಟಿಕೆಟ್‌ನಲ್ಲೇ ಊಟ ಸೇರಿರುತ್ತಲ್ವಾ, ಮತ್ತೆ ಆ ಸ್ಪೆಷಾಲಿಟಿ ರೆಸ್ಟೋರೆಂಟ್‌ಗೆ ಬೇರೆ ದುಡ್ಡು ಯಾಕೆ ಕೊಡಬೇಕು?"

ನಾವು ಮೂರು ಸಲ ಕೊಟ್ಟೆವು. ಒಂದು ಸಲ ಕೊಟ್ಟದ್ದಕ್ಕೆ ಮನಸ್ಸು ತುಂಬಿತು. ಒಂದು ಸಲ ಹಾಳಾಯಿತು. ಇನ್ನೊಂದು ಮೊಮ್ಮಗನ ಖುಷಿಗಾಗಿ. ನೀವೂ ಹೊರಟಿದ್ದರೆ, ಅದರಲ್ಲೂ ನಮ್ಮ ಹಾಗೆ ಮನೆಯಲ್ಲಿ ಅರ್ಧ ಜನ ಸಸ್ಯಾಹಾರಿಗಳಾದರೆ, ಇದನ್ನು ಓದಿಕೊಂಡು ಹೋಗಿ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ದೊಡ್ಡ ಹಡಗುಗಳಲ್ಲಿ ಟಿಕೆಟ್ ಹಣಕ್ಕೆ ಸೇರಿದ್ದು ಎಲ್ಲರನ್ನೂ ಕೂರಿಸಿ ಬಡಿಸುವ ಮೇನ್ ಡೈನಿಂಗ್ ರೂಂ, ಬಫೆ, ಪಿಜ್ಜಾ ಕೌಂಟರ್, ಒಂದೆರಡು ಸಣ್ಣ ಕೆಫೆ. ಇದರ ಮೇಲೆ ಮಾಂಸದ ದಪ್ಪ ತುಂಡು ಸುಟ್ಟು ಕೊಡುವ ಸ್ಟೀಕ್‌ಹೌಸ್, ಇಟಾಲಿಯನ್, ಜಪಾನಿ ಹೀಗೆ ಕೆಲವು ಹೋಟೆಲ್ಲುಗಳು ಹಡಗಿನೊಳಗೇ ಇರುತ್ತವೆ, ಇವೇ ಸ್ಪೆಷಾಲಿಟಿ ರೆಸ್ಟೋರೆಂಟ್. ಅವುಗಳಿಗೆ ತಲೆಗೆ ಇಷ್ಟು ಅಂತ ಬೇರೆ ಕೊಡಬೇಕು. ನಮ್ಮ ಹಡಗಿನಲ್ಲಿ ಸ್ಟೀಕ್‌ಹೌಸ್ ರಾತ್ರಿ ಊಟ 60 ಡಾಲರ್. ಅದರ ಮೇಲೆ 18% ಸರ್ವೀಸ್ ಹಣ ತಾನಾಗಿಯೇ ಸೇರುತ್ತದೆ, ಕೆಲವು ಕಂಪನಿಗಳಲ್ಲಿ 20%. ಅಂದರೆ 60 ಅಂತ ಬೋರ್ಡಿನಲ್ಲಿ ಕಂಡರೆ ನಿಮ್ಮ ಖಾತೆಯಿಂದ ಹೋಗುವುದು 70 ಡಾಲರ್ 80 ಸೆಂಟ್. ಬೆಲೆ ನೋಡುವಾಗ ಇದನ್ನು ಮೊದಲೇ ಕೂಡಿಸಿಕೊಳ್ಳಿ.

ಹಡಗಿನಲ್ಲಿ ಬೇರೆ ದುಡ್ಡಿಗೆ ಬೇರೆ ಊಟ ಅನ್ನೋದು ಹೊಸದೇನಲ್ಲ. 1912ರ ಟೈಟಾನಿಕ್‌ನಲ್ಲೂ ಮೊದಲ ದರ್ಜೆಯವರಿಗೆ ಅಂಥ ಒಂದು ರೆಸ್ಟೋರೆಂಟ್ ಇತ್ತು. ಲುಯಿಜಿ ಗಾಟ್ಟಿ ಎಂಬ ಇಟಲಿಯವರು ಅದನ್ನು ಗುತ್ತಿಗೆಗೆ ಹಿಡಿದು ನಡೆಸುತ್ತಿದ್ದರು. ಪ್ರಯಾಣ ಪೂರ್ತಿ ಅಲ್ಲೇ ಊಟ ಮಾಡುತ್ತೇವೆ ಅಂದವರಿಗೆ ಟಿಕೆಟ್ ಹಣದಲ್ಲಿ ಒಂದಿಷ್ಟು ಬಿಡುತ್ತಿದ್ದರಂತೆ. ಈಗ ಆ ಬಿಡುವ ಪದ್ಧತಿ ಇಲ್ಲ. ನೀವು ಸ್ಪೆಷಾಲಿಟಿಗೆ ಹೋದ ರಾತ್ರಿ ಮೇನ್ ಡೈನಿಂಗ್ ರೂಂನಲ್ಲಿ ನಿಮ್ಮ ಪಾಲಿನ ಊಟ ಹಾಗೇ ಉಳಿಯುತ್ತದೆ, ಅದಕ್ಕೂ ದುಡ್ಡು ಕೊಟ್ಟಾಗಿದೆ. ವೈಕಿಂಗ್, ಓಶಿಯಾನಿಯಾ, ವರ್ಜಿನ್ ವಾಯೇಜಸ್ ಥರದ ಕಂಪನಿಗಳು ಈ ರೆಸ್ಟೋರೆಂಟ್‌ಗಳನ್ನು ಟಿಕೆಟ್‌ನಲ್ಲೇ ಸೇರಿಸುತ್ತವೆ. ಆದರೆ ವೈಕಿಂಗ್, ವರ್ಜಿನ್ ಎರಡರಲ್ಲೂ 18 ವರ್ಷದ ಒಳಗಿನವರಿಗೆ ಜಾಗವಿಲ್ಲ. ಮೊಮ್ಮಗನನ್ನು ಕರೆದುಕೊಂಡು ಹೊರಟ ನಮಗೆ ಅವು ಆಗುತ್ತಿರಲಿಲ್ಲ.

ಈಗ ಹಾಳಾದ ಊಟದ ವಿಷಯ. ಹಡಗು ಹತ್ತಿದ ಮಧ್ಯಾಹ್ನವೇ ಬಫೆ ಬಾಗಿಲಲ್ಲಿ ಹುಡುಗ ಹುಡುಗಿಯರು ಮೆನು ಹಿಡಿದು ನಿಂತಿರುತ್ತಾರೆ. "ಮೊದಲ ಎರಡು ರಾತ್ರಿಗೆ ಬುಕ್ ಮಾಡಿದರೆ 20% ಕಡಿಮೆ" ಅಂದರು. ಕಡಿಮೆ ಅಂದ ಕೂಡಲೇ ನಾನೇ ಮುಂದೆ ಹೋಗಿ ಎರಡನೇ ರಾತ್ರಿಗೆ ಐದೂ ಜನಕ್ಕೆ ಸ್ಟೀಕ್‌ಹೌಸ್ ಬುಕ್ ಮಾಡಿಸಿದೆ. ಮಗುವಿಗೆ 15 ಡಾಲರ್. ಸರ್ವೀಸ್ ಸೇರಿ ಒಟ್ಟು 244 ಡಾಲರ್, ನಮ್ಮ ಲೆಕ್ಕದಲ್ಲಿ 20,000 ರೂಪಾಯಿ ದಾಟಿತು.

ನಮಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಸಿಯಾಟಲ್‌ನಿಂದ ಹೊರಟ ಹಡಗು ಹ್ವಾನ್ ದೆ ಫೂಕಾ ಜಲಸಂಧಿ ದಾಟಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್ ಸಾಗರಕ್ಕೆ ಹೋಗುತ್ತದೆ. ಎರಡನೇ ದಿನ ಪೂರ್ತಿ ಅಲ್ಲೇ ಪ್ರಯಾಣ. ಅಲೆ ಎದ್ದರೆ ಎಷ್ಟು ದೊಡ್ಡ ಹಡಗಾದರೂ ಓಲಾಡುತ್ತದೆ. ವ್ಯಾಂಕೂವರ್ ನಗರದಿಂದ ಹೊರಡುವ ಹಡಗುಗಳು ದ್ವೀಪದ ಒಳಮಗ್ಗುಲಲ್ಲಿ, ಇನ್‌ಸೈಡ್ ಪ್ಯಾಸೇಜ್ ಎನ್ನುವ ಮರೆಯ ನೀರಿನಲ್ಲಿ ಹೋಗುತ್ತವೆ. ಅವರಿಗೆ ಈ ಕಷ್ಟ ಕಡಿಮೆ. ಅವತ್ತು ಸಂಜೆ ಮಗಳಿಗೆ ಸೂಪ್ ಬಂದಾಗಲೇ ತಲೆ ಸುತ್ತಿ, ಎದ್ದು ರೂಮಿಗೆ ಹೋಗಿ ಮಲಗಿದಳು. ನಾನು ಅವಳ ಹಿಂದೆಯೇ ಶುಂಠಿ ಮಾತ್ರೆ, ಹಸಿರು ಸೇಬು ತೆಗೆದುಕೊಂಡು ಹೋದೆ. ಎರಡು ತಟ್ಟೆ ಹಾಗೇ ತಣ್ಣಗಾದವು. ಸಿಯಾಟಲ್‌ನಿಂದ ಹೊರಡುವವರಿಗೆ ನನ್ನ ಮೊದಲ ಮಾತು ಇದೇ: ಎಷ್ಟೇ ರಿಯಾಯಿತಿ ಕೊಡಲಿ, ಎರಡನೇ ರಾತ್ರಿಗೆ ದುಡ್ಡಿನ ಊಟ ಬುಕ್ ಮಾಡಬೇಡಿ. ಅವತ್ತು ಅನ್ನ ಮೊಸರು ಸಿಕ್ಕರೆ ಅದೇ ಹಿತ.

ಅಳಿಯ ಮಾತ್ರ ಪೂರ್ತಿ ಊಟ ಮಾಡಿದ. ಅವನ ಮಾತನ್ನೂ ಹೇಳಬೇಕು, ಯಾಕೆಂದರೆ ಮಾಂಸ ತಿನ್ನುವವರಿಗೆ ಲೆಕ್ಕ ಬೇರೆಯೇ. ಮೇನ್ ಡೈನಿಂಗ್ ರೂಂನಲ್ಲಿ ಮದುವೆ ಮನೆಯ ಹಾಗೆ ಎರಡು ಪಂಕ್ತಿ. ಒಂದೊಂದು ಪಂಕ್ತಿಗೆ ಸಾವಿರಕ್ಕೂ ಹೆಚ್ಚು ಜನ. ಅಷ್ಟು ತಟ್ಟೆ ಒಟ್ಟಿಗೆ ಹೊರಡಬೇಕಾದರೆ ಸ್ಟೀಕ್ ಒಬ್ಬೊಬ್ಬರ ಹದಕ್ಕೆ ಬೇಯುವುದು ಕಷ್ಟ, ಬಿಸಿ ಆರಿ ಬರುತ್ತದೆ. ಸ್ಟೀಕ್‌ಹೌಸ್‌ನಲ್ಲಿ ನೂರು ಚಿಲ್ಲರೆ ಜನ, ನೀವು ಹೇಳಿದ ಮೇಲೆ ಒಲೆಗೆ ಹಾಕುತ್ತಾರೆ. "ಊರಿನ ಒಳ್ಳೆ ಸ್ಟೀಕ್ ಹೋಟೆಲ್‌ನಲ್ಲಿ ಇದಕ್ಕಿಂತ ಜಾಸ್ತಿ ಕೊಡಬೇಕಿತ್ತು ಅತ್ತೆ" ಅಂದ. ಅವನ ಮಟ್ಟಿಗೆ ಅದು ಸರಿಯಾದ ಖರ್ಚು.

ಸಸ್ಯಾಹಾರಿಗಳ ತಟ್ಟೆಗೆ ಬಂದದ್ದು ಒಂದು ದೊಡ್ಡ ಅಣಬೆ, ಜೊತೆಗೆ ಹಿಸುಕಿದ ಆಲೂಗಡ್ಡೆ, ಬೆಣ್ಣೆಯಲ್ಲಿ ಬಾಡಿಸಿದ ಶತಾವರಿ ದಂಟು, ಕೆನೆ ಹಾಕಿದ ಪಾಲಕ್. ರುಚಿ ಇತ್ತಂತೆ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಅಳಿಯ ಕೊಟ್ಟಷ್ಟೇ ದುಡ್ಡು ನಾವೂ ಕೊಟ್ಟಿದ್ದೆವು. ಮನೆಯಲ್ಲಿ ಮಾಂಸ ತಿನ್ನುವವರು ಮಾತ್ರ ಸ್ಟೀಕ್‌ಹೌಸ್‌ಗೆ ಹೋಗಿ ಬರಲಿ. ಎಲ್ಲರೂ ಒಟ್ಟಿಗೆ ಕೂರಬೇಕು ಅನ್ನುವ ಆಸೆ ನನಗೂ ಇತ್ತು. ಆ ಆಸೆಗೆ ಉಳಿದ ಆರು ರಾತ್ರಿ ಇದ್ದವು.

ಆ ಉಳಿದ ರಾತ್ರಿಗಳ ವಿಷಯ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನಾವು ಸಂಜೆ 6 ಗಂಟೆಯ ಪಂಕ್ತಿ ತೆಗೆದುಕೊಂಡಿದ್ದೆವು. ಹೊತ್ತು ಗೊತ್ತಾದ ಈ ಪಂಕ್ತಿಯಲ್ಲಿ ದಿನವೂ ಅದೇ ಟೇಬಲ್, ಅದೇ ವೇಟರ್. ನಮ್ಮ ಭಾಗದ ಹೆಡ್ ವೇಟರ್ ಮಂಗಳೂರಿನ ಹುಡುಗ. ಕರಾವಳಿಯವರು, ಗೋವಾದವರು ಈ ಹಡಗುಗಳಲ್ಲಿ ಬೇಕಾದಷ್ಟು ಜನ ಕೆಲಸ ಮಾಡುತ್ತಾರೆ. ನಾವು ನಮ್ಮಲ್ಲೇ ಮಾತಾಡಿಕೊಳ್ಳುವುದನ್ನು ಕೇಳಿ ಮೂರನೇ ದಿನ ಹತ್ತಿರ ಬಂದ. "ನಾಳೆಗೆ ಎಂತ ಬೇಕು ಹೇಳಿ ಅಮ್ಮ, ಕಿಚನ್‌ನಲ್ಲಿ ನಾನು ಹೇಳ್ತೇನೆ" ಅಂದ. ಮಾರನೇ ದಿನದಿಂದ ಮೆನುವಿನಲ್ಲಿ ಇಲ್ಲದ ತೊವ್ವೆ, ಬೆಂಡೆಕಾಯಿ ಪಲ್ಯ, ಬಿಸಿ ಅನ್ನ, ಗಟ್ಟಿ ಮೊಸರು ನಮ್ಮ ಟೇಬಲ್‌ಗೆ ಬರತೊಡಗಿತು. ಒಂದು ಕಾಸೂ ಜಾಸ್ತಿ ಇಲ್ಲ. ಅಡುಗೆಮನೆಯಲ್ಲಿ ಭಾರತದ ಅಡುಗೆಯವರು ಇರುತ್ತಾರೆ, ಅವರಿಗೆ ಹಿಂದಿನ ರಾತ್ರಿಯೇ ತಿಳಿಸಿದರೆ ಸಾಕು. ಬುಕ್ ಮಾಡುವಾಗಲೇ ಊಟದ ಕಾಲಂನಲ್ಲಿ ಇಂಡಿಯನ್ ವೆಜಿಟೇರಿಯನ್ ಅಥವಾ ಜೈನ್ ಅಂತ ಬರೆಸಿ. ಹತ್ತಿದ ದಿನವೇ ಹೆಡ್ ವೇಟರ್‌ನ ಹುಡುಕಿ ಬಾಯಲ್ಲೂ ಹೇಳಿ. ಸುಮ್ನೆ ವೆಜ್ ಅಂದರೆ ಮೊಟ್ಟೆ ಸೇರಿಸುತ್ತಾರೆ, ಕೆಲವರು ಮೀನನ್ನೂ ವೆಜ್ ಅಂದುಕೊಳ್ಳುತ್ತಾರೆ. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ ಅಂತ ಬಿಡಿಸಿ ಹೇಳಬೇಕು.

ಸ್ಪೆಷಾಲಿಟಿಗೆ ಹೋದ ಒಂದೊಂದು ರಾತ್ರಿಯೂ ಈ ಟೇಬಲ್ ತಪ್ಪುತ್ತದೆ. ನಿಮ್ಮ ರುಚಿ ಗೊತ್ತಾದ ಒಬ್ಬರು ನಿಮ್ಮ ದಾರಿ ಕಾಯುತ್ತಿರುತ್ತಾರೆ ಅಲ್ವಾ, ಅದನ್ನು ದುಡ್ಡು ಕೊಟ್ಟು ಬಿಟ್ಟಂತೆ. ನನಗೆ ಇದು 70 ಡಾಲರ್‌ಗಿಂತ ದೊಡ್ಡ ನಷ್ಟ ಅನ್ನಿಸಿತು. ಅದಕ್ಕೇ ಊರಿನಲ್ಲಿ ಕೂತು ಮೂರು ರಾತ್ರಿ, ಐದು ರಾತ್ರಿ ಅಂತ ಸ್ಪೆಷಾಲಿಟಿ ಊಟಗಳಿಗೆ ಒಟ್ಟಿಗೇ ದುಡ್ಡು ಕಟ್ಟುವ ಡೈನಿಂಗ್ ಪ್ಯಾಕೇಜ್ ಕೊಳ್ಳಬೇಡಿ. ಪ್ಯಾಕೇಜ್ ಕೊಂಡರೂ ಟೇಬಲ್ ಹೊತ್ತನ್ನು ಹಲವು ಹಡಗುಗಳಲ್ಲಿ ಹತ್ತಿದ ಮೇಲೇ ಗೊತ್ತು ಮಾಡಬೇಕು. ಪ್ಯಾಕೇಜ್ ಕೊಂಡಿದ್ದ ಪಕ್ಕದ ರೂಮಿನವರಿಗೆ ಉಳಿದದ್ದು 5 ಗಂಟೆ ಇಲ್ಲವೇ 9 ಗಂಟೆ ಮಾತ್ರ.

ಈಗ ಮನಸ್ಸು ತುಂಬಿದ ಊಟ. ಆರನೇ ದಿನ ಮತ್ತೆ ಸಮುದ್ರದಲ್ಲೇ ಪ್ರಯಾಣ, ಅವತ್ತು ಅಲೆ ಇರಲಿಲ್ಲ. ಇಟಾಲಿಯನ್ ರೆಸ್ಟೋರೆಂಟ್ ಇಂಥ ದಿನಗಳಲ್ಲಿ ಮಧ್ಯಾಹ್ನವೂ ತೆರೆಯುತ್ತದೆ, ಊಟಕ್ಕೆ 25 ಡಾಲರ್. ಅಡುಗೆಮನೆ ಅದೇ, ಅಡುಗೆಯವರೂ ಅವರೇ, ಬೆಲೆ ರಾತ್ರಿಯದರ ಅರ್ಧದಷ್ಟು. ಮೊಮ್ಮಗನನ್ನು ಮಕ್ಕಳ ಕ್ಲಬ್‌ಗೆ ಬಿಟ್ಟು ಮಗಳು ಅಳಿಯ ಈಜುಕೊಳದ ಕಡೆ ಹೋದರು. ನಾವಿಬ್ಬರೇ ಹೋದೆವು. ಇಬ್ಬರಿಗೂ ಸೇರಿ 59 ಡಾಲರ್. ಅವತ್ತು ಬಫೆಯಲ್ಲಿ ತಟ್ಟೆ ಹಿಡಿದು ಟೇಬಲ್ ಹುಡುಕುವುದೇ ಒಂದು ಕೆಲಸ, ಹಡಗಿನ ಜನವೆಲ್ಲ ಅಲ್ಲೇ ಇರುತ್ತಾರೆ. ಇಲ್ಲಿ ಕಿಟಕಿ ಪಕ್ಕ ಟೇಬಲ್, ಒಟ್ಟು ಹತ್ತು ಹನ್ನೆರಡು ಜನ. ಬಿಸಿ ಬ್ರೆಡ್, ಟೊಮೆಟೊ ಸಾಸ್ ಹಾಕಿದ ಬದನೆಕಾಯಿ, ಕುಂಬಳಕಾಯಿ ತುಂಬಿದ ರವಿಯೋಲಿ. ಎರಡು ಗಂಟೆ ಯಾರೂ ಏಳಿ ಅನ್ನಲಿಲ್ಲ. ನಮ್ಮನೆಯವರಿಗೆ ಮಂಡಿ ನೋವು, ಬಫೆಯಲ್ಲಿ ನಿಂತು ನಿಂತು ಸಾಕಾಗಿತ್ತು. ಊರು ಬಿಟ್ಟ ಮೇಲೆ ಅವರು ಅಷ್ಟು ನಿಧಾನವಾಗಿ ಊಟ ಮಾಡಿದ್ದು ನಾನು ಅವತ್ತೇ ನೋಡಿದ್ದು. ವಯಸ್ಸಾದವರ ಜೊತೆ ಹೋಗುವವರು ಒಂದು ಸಲ ಕೊಡುವುದಾದರೆ ಇದಕ್ಕೆ ಕೊಡಿ.

ಕಟ್ಟುನಿಟ್ಟಾದ ಸಸ್ಯಾಹಾರಿಗಳು ಇಟಾಲಿಯನ್‌ನಲ್ಲೂ ಮೂರು ವಿಷಯ ಕೇಳಿಕೊಳ್ಳಿ. ಅಸಲಿ ಪಾರ್ಮೆಜಾನ್ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ರಿಸೊಟ್ಟೊ, ಮಿನೆಸ್ಟ್ರೋನೆ ಸೂಪ್‌ಗೆ ಕೋಳಿ ಬೇಯಿಸಿದ ನೀರು ಹಾಕಿರಬಹುದು. ಸೀಸರ್ ಸಲಾಡ್‌ನ ಡ್ರೆಸಿಂಗ್‌ನಲ್ಲಿ ಆಂಚೊವಿ ಮೀನು ಇರುತ್ತದೆ. ಕೇಳಿದರೆ ಬೇಜಾರಿಲ್ಲದೆ ಹೇಳುತ್ತಾರೆ, ಬದಲಾಯಿಸಿಯೂ ಕೊಡುತ್ತಾರೆ.

ಜಪಾನಿ ತೆಪ್ಪಾನ್ಯಾಕಿಗೆ ಅಳಿಯ ಮೊಮ್ಮಗ ಇಬ್ಬರೇ ಹೋದರು. ದೊಡ್ಡ ಹೆಂಚಿನ ಸುತ್ತ ಕೂರಿಸಿ, ಎದುರಿಗೇ ಬೇಯಿಸುತ್ತಾರೆ. ಅಡುಗೆಯವರು ಮೊಟ್ಟೆ ಹಾರಿಸಿ ಸೌಟಿನಲ್ಲಿ ಹಿಡಿಯುವುದನ್ನು ಹುಡುಗ ಈಗಲೂ ಹೇಳುತ್ತಿರುತ್ತಾನೆ. ನಾವು ಹೋಗದ್ದಕ್ಕೆ ಕಾರಣ ಆ ಹೆಂಚೇ. ಸಿಗಡಿ, ಮಾಂಸ, ತರಕಾರಿ ಎಲ್ಲ ಅದರ ಮೇಲೆಯೇ, ಸಟ್ಟುಗವೂ ಒಂದೇ. ಮಿಸೊ ಸೂಪ್‌ಗೆ ಮೀನಿನ ಸಾರು ಹಾಕುವುದು ರೂಢಿ.

ಮೀನು ಏಡಿ ಇಷ್ಟಪಡುವವರು ಹಡಗಿನ ಬದಲು ದಡದಲ್ಲಿ ಖರ್ಚು ಮಾಡಿ. ಅಲಾಸ್ಕಾದ ರಾಜಧಾನಿ ಜುನೋದಲ್ಲಿ ಅಳಿಯ ಬಂದರಿನ ಹತ್ತಿರವೇ ಇರುವ ಟ್ರೇಸಿಸ್ ಕಿಂಗ್ ಕ್ರ್ಯಾಬ್ ಶ್ಯಾಕ್‌ನಲ್ಲಿ ಏಡಿ ತಿಂದ. ಅಗ್ಗವಲ್ಲ, ಸಾಲೂ ಇತ್ತು. ಆದರೂ ಪ್ರವಾಸದ ಊಟಗಳಲ್ಲೆಲ್ಲ ಅದೇ ಮೊದಲನೆಯದು ಅನ್ನುತ್ತಾನೆ. ನಮ್ಮ ಹಡಗಿನಲ್ಲಿ ಒಂದು ರಾತ್ರಿ ಮೇನ್ ಡೈನಿಂಗ್ ರೂಂನಲ್ಲೇ ಲಾಬ್‌ಸ್ಟರ್ ಬಂತು, ಬೇರೆ ಹಣ ಇಲ್ಲದೆ. ಯಾವ ರಾತ್ರಿ ಅಂತ ವೇಟರ್‌ನ ಮೊದಲೇ ಕೇಳಿಟ್ಟುಕೊಳ್ಳಿ, ಆ ರಾತ್ರಿ ಬೇರೆ ಕಡೆ ಬುಕ್ ಮಾಡಬೇಡಿ. ಅದೇ ಮೆನುವಿನ ಕೆಳಗೆ ಬೆಲೆ ಹಾಕಿದ ಕೆಲವು ತಿನಿಸು ಇರುತ್ತವೆ, ಎಲ್ಲವೂ ಟಿಕೆಟ್‌ಗೆ ಸೇರಿದ್ದು ಅಂದುಕೊಂಡು ಹೇಳಿಬಿಡಬೇಡಿ.

ಇನ್ನು ಹೊತ್ತಿನ ವಿಷಯ. ಅಲಾಸ್ಕಾ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಹಡಗಿನ ಗಡಿಯಾರವನ್ನು ಯಾವ ರಾತ್ರಿ ತಿರುಗಿಸುತ್ತಾರೆ ಅಂತ ರೂಮಿಗೆ ಬರುವ ಚೀಟಿಯಲ್ಲಿ ನೋಡಿ. ಬುಕ್ ಮಾಡಿದ ಟೇಬಲ್‌ಗೆ ಹೋಗದಿದ್ದರೆ ದುಡ್ಡು ಹಿಡಿಯುತ್ತಾರೆ, ಎಷ್ಟು ಗಂಟೆ ಮುಂಚೆ ರದ್ದು ಮಾಡಬಹುದು ಅಂತ ಬುಕ್ ಮಾಡುವಾಗಲೇ ಕೇಳಿ. ಜೂನ್‌ನಲ್ಲಿ ಜುನೋ ಕಡೆ ರಾತ್ರಿ 10ರ ತನಕ ಬೆಳಕಿರುತ್ತದೆ. ಬೆಟ್ಟ, ಹಿಮ, ಅದೃಷ್ಟ ಇದ್ದರೆ ತಿಮಿಂಗಿಲ ಎಲ್ಲ ಕಾಣುವ ಹೊತ್ತು ಅದು. ಕಿಟಕಿ ಇಲ್ಲದ ರೆಸ್ಟೋರೆಂಟ್‌ನಲ್ಲಿ ಮೂರು ಗಂಟೆ ಕೂರಬೇಡಿ. ಬೆಟ್ಟಗಳ ನಡುವೆ ಚಾಚಿದ ಕಡಲಿನ ಕವಲು ಎಂಡಿಕಾಟ್ ಆರ್ಮ್‌ನಲ್ಲಿ ಡಾಸ್ ಹಿಮನದಿ ನೋಡುವ ಬೆಳಿಗ್ಗೆ ಬ್ರೆಡ್, ಬಾಳೆಹಣ್ಣು ಕೈಯಲ್ಲಿ ಹಿಡಿದು ಡೆಕ್ ಮೇಲೇ ನಿಂತಿರಿ.

ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾ. ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ಈ ಹಡಗುಗಳು ಒಂದು ಹೊರದೇಶದ ಬಂದರು ಮುಟ್ಟಲೇಬೇಕು, ಅಮೆರಿಕದ 1886ರ ಕಾನೂನು ಅದು. ಹಾಗಾಗಿ ಭಾರತದ ಪಾಸ್‌ಪೋರ್ಟ್ ಹಿಡಿದು ನಮ್ಮ ಹಾಗೆ ಪ್ರವಾಸಕ್ಕೆ ಬಂದವರಿಗೆ ಕೆನಡಾ ವೀಸಾನೂ ಬೇಕು, ಅಮೆರಿಕದ ವೀಸಾ ಮತ್ತೆ ಒಳಗೆ ಬರಲು ಆಗುವಂಥದ್ದಿರಬೇಕು. ನಮ್ಮ ಹಡಗು ಅಲ್ಲಿ ನಿಂತದ್ದು ಸಂಜೆ ಊಟದ ಹೊತ್ತಿಗೇ. ಪಕ್ಕದ ರೂಮಿನವರು ಪ್ಯಾಕೇಜ್‌ನ ಕೊನೆಯ ಊಟ ಅವತ್ತಿಗೆ ಇಟ್ಟುಕೊಂಡಿದ್ದರು, ಇಳಿಯಲಿಲ್ಲ. ನಾವು 5 ಗಂಟೆಗೇ ಬಫೆಯಲ್ಲಿ ಅನ್ನ, ತೊವ್ವೆ ತಿಂದು, ಮಂಗಳೂರಿನ ಹುಡುಗನ ಕೈಗೆ ಟಿಪ್ಸ್ ಕವರ್ ಕೊಟ್ಟು ಇಳಿದೆವು. ಕತ್ತಲಾದ ಮೇಲೆ ಅಲ್ಲಿನ ಪಾರ್ಲಿಮೆಂಟ್ ಕಟ್ಟಡದ ತುಂಬ ದೀಪ ಹತ್ತಿತು. ಮೊಮ್ಮಗ ಅದನ್ನು ನೋಡಿ "ಅಜ್ಜಿ, ದಸರಾ ಅರಮನೆ ಥರಾನೇ ಇದೆ" ಅಂದ.